ಕಟ್ಟಕಡೆಯ ಅಕ್ಷರ

ಕಲಬುರಗಿಯ ರೋಜಾ ಬಡಾವಣೆಗೆ ಹೆಸರನ್ನೂ ಹಿರಿಮೆಯನ್ನೂ ತಂದುಕೊಟ್ಟ ಸಂತನ ಹೆಸರನ್ನು ಕನ್ನಡದಲ್ಲಿ ಬರೆಯುವುದು ಕಷ್ಟವೇನಲ್ಲ: ಖ್ವಾಜಾ ಬಂದೇನವಾಜ್ ಗೇಸೂದರಾಜ್. ಮೂರು ಪದಗಳು, ಮೂರು ಜಕಾರಗಳು. ಕನ್ನಡ ಓದಬಲ್ಲ ಯಾವ ಹುಡುಗನಾದರೂ ಆ ಮೂರನ್ನೂ ಒಂದೇ ಬಗೆಯಾಗಿ ಓದಿ ಮುಗಿಸುತ್ತಾನೆ. ಆದರೆ ಉರ್ದು ಬಲ್ಲ ಹಿರಿಯರೊಬ್ಬರು ಅದೇ ಹೆಸರನ್ನು ಉಚ್ಚರಿಸುವಾಗ ಕಿವಿಗೊಟ್ಟು ಕೇಳಿದರೆ, ಮೊದಲನೆಯದು ಮಾತ್ರ ನಮ್ಮ ಜನ, ಜಲಗಳ ಜಕಾರವೆಂದೂ ಮಿಕ್ಕ ಎರಡು ಬೇರೊಂದು ಧ್ವನಿಯೆಂದೂ ತಿಳಿಯುತ್ತದೆ. ಜಕಾರದಲ್ಲಿ ನಾಲಗೆ ಅಂಗುಳಕ್ಕೆ ತಗುಲಿ ಬಿಡುತ್ತದೆ. ಈ ಇನ್ನೊಂದು ಧ್ವನಿಯಲ್ಲಿ ನಾಲಗೆಯ ತುದಿ ಹಲ್ಲಿನ ಬುಡದವರೆಗೆ ಹೋಗಿಯೂ ತಗುಲುವುದಿಲ್ಲ. ಉಳಿದ ಸಂದಿಯಲ್ಲಿ ಉಸಿರು ದುಂಬಿಯಂತೆ ಮೊರೆಯುತ್ತ ಹೊರಬರುತ್ತದೆ. ಸಕಾರಕ್ಕೆ ಕಂಠದ ನಾದವನ್ನು ಕೂಡಿಸಿದರೆ ಇದೇ ಧ್ವನಿ. ರೋಮನ್ ಲಿಪಿಯಲ್ಲಿ ಆ ಹೆಸರನ್ನು ಬರೆದಾಗ ಭೇದವು ಕಣ್ಣಿಗೇ ಬೀಳುತ್ತದೆ: ಮೊದಲು ಒಂದು 'ಜೆ', ಅನಂತರ ಎರಡು ಸಲ 'ಝಡ್'.

ಈ ಝಡ್ ಅಕ್ಷರಕ್ಕೆ ಲೋಕದಲ್ಲಿ ಗೌರವ ಕಡಮೆ. ಇಪ್ಪತ್ತಾರು ಅಕ್ಷರಗಳ ಸಾಲಿನಲ್ಲಿ ಅದು ಕಟ್ಟಕಡೆಯದು. ಇಂಗ್ಲಿಷ್ ಬರವಣಿಗೆಯಲ್ಲಿ ಅತ್ಯಂತ ವಿರಳವಾಗಿ ಬರುವವುಗಳಲ್ಲಿ ಒಂದು. ಮಕ್ಕಳ ಪುಸ್ತಕದಲ್ಲಿ ಪಟ್ಟೆಕುದುರೆಯ ಚಿತ್ರವೇ ಅದಕ್ಕೆ ಆಸರೆ. ಷೇಕ್ಸ್‌ಪಿಯರನ 'ಕಿಂಗ್ ಲಿಯರ್' ನಾಟಕದಲ್ಲಿ ಕೆಂಟ್ ತನ್ನ ಎದುರಾಳಿಯನ್ನು ಹಳಿಯುವಾಗ ಅವನನ್ನು ಈ ಅಕ್ಷರಕ್ಕೆ ಹೋಲಿಸುತ್ತಾನೆ. ಬೇಡದ ಅಕ್ಷರವೆಂಬ ಅಪಖ್ಯಾತಿ ಆಗಲೇ ಅದಕ್ಕೆ ಅಂಟಿಕೊಂಡಿತ್ತು. ಆದರೆ ಬೇಡವೆನಿಸಿಕೊಂಡವರ ಚರಿತ್ರೆ ಎಷ್ಟೋ ವೇಳೆ ಬೇಕಾದವರ ಚರಿತ್ರೆಗಿಂತ ಹೆಚ್ಚು ಬೋಧಪ್ರದವಾಗಿರುತ್ತದೆ. ಈ ಅಕ್ಷರದ ಕಥೆಯೂ ಹಾಗೆಯೇ. ಅದರಲ್ಲಿ ಕನ್ನಡಿಗರು, ಅದರಲ್ಲಿಯೂ ಕಲಬುರಗಿಯ ಸೀಮೆಯವರು ಕಲಿಯಬಹುದಾದ ಪಾಠವೊಂದಿದೆ.

ಕ್ರಿಸ್ತಪೂರ್ವ ಸಾವಿರ ವರ್ಷಗಳ ಸುಮಾರಿಗೆ ಫಿನೀಷಿಯನರ ವರ್ಣಮಾಲೆಯಲ್ಲಿ ಇದಕ್ಕೆ ಏಳನೆಯ ಸ್ಥಾನವಿತ್ತು, ಹೆಸರು 'ಜ಼ಾಯಿನ್'. (ಧ್ವನಿಭೇದವನ್ನು ತೋರಿಸಬೇಕಾದ ಕಡೆ ಈ ಲೇಖನದಲ್ಲಿ ಜಕಾರದ ಕೆಳಗೆ ಚುಕ್ಕಿಯಿಟ್ಟು 'ಜ಼' ಎಂದು ಬರೆದಿದೆ.) ಎರಡು ಅಡ್ಡಗೆರೆಗಳು, ಅವನ್ನು ಕೂಡಿಸುವ ಒಂದು ನೆಟ್ಟಗೆರೆ, ಇಷ್ಟೇ ಅದರ ಆಕಾರ. ಗ್ರೀಕರು ಅದನ್ನು ಎರವು ಪಡೆದು 'ಜ಼ೀಟಾ' ಎಂದು ಕರೆದರು. ಕೈಬರಹದ ಓಟದಲ್ಲಿ ನಡುವಿನ ಗೆರೆ ಓರೆಯಾಗಿ ಇಂದಿನ ರೂಪ ಬಂದಿತು. ಗ್ರೀಕರು ಅಕ್ಷರಗಳನ್ನೇ ಅಂಕೆಗಳಾಗಿ ಬಳಸುತ್ತಿದ್ದರಷ್ಟೆ; ಆ ಲೆಕ್ಕದಲ್ಲಿ ಜ಼ೀಟಾದ ಬೆಲೆ 7. ಗ್ರೀಕರಿಂದ ಇಟಲಿಯ ಎಟ್ರುಸ್ಕನರಿಗೆ, ಅವರಿಂದ ರೋಮನರಿಗೆ ಅಕ್ಷರಮಾಲೆ ಸಾಗಿಬಂದಾಗ ಇದೂ ಜೊತೆಗೆ ಬಂದಿತು.

ಆದರೆ ರೋಮಿನಲ್ಲಿ ಅದಕ್ಕೆ ಕೆಲಸ ಸಿಕ್ಕಲಿಲ್ಲ. ಹಳೆಯ ಲ್ಯಾಟಿನ್ನಿನಲ್ಲಿ ಎರಡು ಸ್ವರಗಳ ನಡುವೆ ಬಂದ ಸಕಾರವು ಮೊದಲು ಈ ಮೊರೆಯುವ ಧ್ವನಿಯಾಗಿ, ಕ್ರಮೇಣ ರಕಾರವಾಗಿ ಬದಲಾಗಿಬಿಟ್ಟಿತು. 'ವಲೇಸಿಯಸ್' ಎಂಬ ಮನೆತನದ ಹೆಸರು 'ವಲೇರಿಯಸ್' ಆದದ್ದು ಹೀಗೆ. ಧ್ವನಿಯೇ ಹೋದ ಮೇಲೆ ಅಕ್ಷರವೇಕೆ? ಕ್ರಿ.ಪೂ. 312ರಲ್ಲಿ ಸೆನ್ಸರ್ ಪದವಿಯಲ್ಲಿದ್ದ, ರೋಮಿನ ಪ್ರಸಿದ್ಧ ಅಪ್ಪಿಯನ್ ಹೆದ್ದಾರಿಯನ್ನು ಹಾಕಿಸಿದ ಅಪ್ಪಿಯಸ್ ಕ್ಲಾಡಿಯಸನೇ ಅದನ್ನು ವರ್ಣಮಾಲೆಯಿಂದ ಹೊರಗಟ್ಟಿದನೆಂದು ಹೇಳಿಕೆ. ಅದನ್ನು ಉಚ್ಚರಿಸುವಾಗ ಬಾಯಿ ಹೆಣದ ಹಲ್ಲುಗಳಂತೆ ಕಾಣುತ್ತದೆಂಬುದು ಅವನ ಆಕ್ಷೇಪವಾಗಿತ್ತೆಂದು, ಏಳೆಂಟು ಶತಮಾನಗಳ ಅನಂತರ ಬರೆದ ಮಾರ್ಟಿಯಾನಸ್ ಕಪೆಲ್ಲ ಹೇಳುತ್ತಾನೆ. ತೆರವಾದ ಏಳನೆಯ ಸ್ಥಾನಕ್ಕೆ ಹೊಸದಾಗಿ ಹುಟ್ಟಿದ 'ಜಿ' ಬಂದು ಕುಳಿತಿತು. ಇಂದಿಗೂ ಅಲ್ಲಿಯೇ ಕುಳಿತಿದೆ.

ಕಾಲ ತಿರುಗಿತು. ರೋಮ್ ಗ್ರೀಸನ್ನು ಗೆದ್ದಿತು. ಗೆದ್ದವರೇ ಸೋತವರ ಶಿಷ್ಯರಾದರು. ಗ್ರೀಕರ ಕಾವ್ಯ, ತತ್ವ, ವೈದ್ಯ, ಜ್ಯೋತಿಷಗಳ ಪದಗಳು ರೋಮಿನ ವಿದ್ವಾಂಸರ ಬಾಯಲ್ಲಿ ಓಡಾಡತೊಡಗಿದವು. ಅವನ್ನು ಬರೆಯಲು ಮನೆಯ ಅಕ್ಷರಗಳು ಸಾಲಲಿಲ್ಲ. ಕೆಲಕಾಲ ಸಕಾರದಿಂದ ಕೆಲಸ ಸಾಗಿಸಿದರು, ಕಡೆಗೆ ಕ್ರಿ.ಪೂ. ಮೊದಲನೆಯ ಶತಮಾನದಲ್ಲಿ 'ವೈ' ಮತ್ತು 'ಝಡ್' ಎರಡನ್ನೂ ಗ್ರೀಕಿನಿಂದ ನೇರವಾಗಿ ಬರಮಾಡಿಕೊಂಡರು. ಹಳೆಯ ಸ್ಥಾನ ಭರ್ತಿಯಾಗಿತ್ತು. ಊಟದ ಪಂಕ್ತಿಗೆ ತಡವಾಗಿ ಬಂದವನಿಗೆ ಕಡೆಯ ಎಲೆ ತಾನೆ? ಝಡ್ ಕಡೆಯದಾದದ್ದು ಹೀಗೆ. ಅದು ಕೀಳೆಂಬ ಕಾರಣಕ್ಕೆ ಹಿಂದೆ ನಿಂತದ್ದಲ್ಲ. ಬೇರೆಯವರ ಮಾತನ್ನು ಸರಿಯಾಗಿ ಬರೆಯಬೇಕೆಂಬ ಅರಿವು ರೋಮನರಿಗೆ ತಡವಾಗಿ ಬಂದದ್ದರ ಗುರುತು ಅದು.

ಅಲ್ಲಿಂದ ಮುಂದೆ ಈ ಅಕ್ಷರ ಯೂರೋಪಿನ ನಾಡುನಾಡುಗಳಲ್ಲಿ ಬೇರೆ ಬೇರೆ ವೇಷ ತೊಟ್ಟಿತು. ಜರ್ಮನರು ಅದನ್ನು 'ಟ್ಸ' ಎನ್ನುತ್ತಾರೆ. ಇಟಲಿಯವರಿಗೂ ಅನೇಕ ಕಡೆ ಅದೇ. ನಮ್ಮ ಪೇಟೆಗಳಲ್ಲಿ 'ಪಿಜ್ಜಾ' ಎಂದು ಮಾರಾಟವಾಗುವ ತಿನಿಸು ತನ್ನ ತವರಿನಲ್ಲಿ 'ಪೀಟ್ಸಾ'. ಇಂಗ್ಲಿಷರದು ಬೇರೆಯೇ ರೀತಿ: ಧ್ವನಿ ಅವರಲ್ಲಿ ಧಾರಾಳವಾಗಿದೆ, ಅಕ್ಷರ ಮಾತ್ರ ಅಪರೂಪ. 'ಈಸ್', 'ವಾಸ್', 'ರೋಸ್' ಎಂಬಲ್ಲೆಲ್ಲ ಬಾಯಲ್ಲಿ ಝಡ್, ಕಾಗದದ ಮೇಲೆ ಎಸ್. ಅಕ್ಷರದ ಹೆಸರಿನ ವಿಷಯದಲ್ಲಿಯೂ ಒಮ್ಮತವಿಲ್ಲ. ಇಂಗ್ಲೆಂಡಿನಲ್ಲಿಯೂ ನಮ್ಮಲ್ಲಿಯೂ 'ಜ಼ೆಡ್', ಅಮೆರಿಕದಲ್ಲಿ 'ಜ಼ೀ'. ಬೀಜಗಣಿತ ಕಲಿತ ವಿದ್ಯಾರ್ಥಿಗೆ ಇದು ಮೂರನೆಯ ಅವ್ಯಕ್ತ ಪರಿಮಾಣ. ತಿಳಿಯದ ಮೊತ್ತಗಳಿಗೆ ವರ್ಣಮಾಲೆಯ ಕೊನೆಯ ಅಕ್ಷರಗಳನ್ನು ಬಳಸುವ ಪದ್ಧತಿ ಡೇಕಾರ್ಟನ 1637ರ ರೇಖಾಗಣಿತ ಗ್ರಂಥದಿಂದ ನೆಲೆಗೊಂಡಿತು. ಪೂರ್ಣಾಂಕಗಳ ಗಣಕ್ಕೆ ಇದೇ ಸಂಕೇತ. ಅದು ಸಂಖ್ಯೆ ಎಂಬರ್ಥದ ಜರ್ಮನ್ ಪದದ ಮೊದಲಕ್ಷರ. ಪರಮಾಣು ಸಂಖ್ಯೆಗೂ ಇದೇ ಸಂಕೇತ. ಬೇಡದ ಅಕ್ಷರಕ್ಕೆ ಇಷ್ಟು ಉದ್ಯೋಗ ಸಾಲದೆ?

ಇನ್ನು ಕಲಬುರಗಿಗೆ ಬರೋಣ. ರೋಜಾ ಎಂಬ ಸ್ಥಳನಾಮ ಅರಬ್ಬಿಯ 'ರೌದ'ದಿಂದ ಬಂದದ್ದು. ಉದ್ಯಾನವೆಂಬುದು ಅದರ ಮೂಲಾರ್ಥ. ಪೂಜ್ಯರ ಸಮಾಧಿಸ್ಥಳವೆಂಬುದು ಬೆಳೆದುಬಂದ ಅರ್ಥ. ಫಿರೋಜ್ ಷಾ ಬಹಮನಿಯ ಆಳಿಕೆಯಲ್ಲಿ, ಸುಮಾರು 1400ರಲ್ಲಿ ದೆಹಲಿಯ ಕಡೆಯಿಂದ ಇಲ್ಲಿಗೆ ಬಂದ ಬಂದೇನವಾಜರು 1422ರಲ್ಲಿ ಇಲ್ಲಿಯೇ ದೇಹವಿಟ್ಟರು. ಅವರ ಗೋರಿಯ ಸುತ್ತ ಬೆಳೆದ ವಸತಿಯೇ ರೋಜಾ. ಅದರಲ್ಲಿ 'ರೋಜಾ ಬಿ' ಎಂದೂ 'ರೋಜಾ ಕೆ' ಎಂದೂ ಎರಡು ಭಾಗಗಳು: ಬುಜುರ್ಗ್ ಎಂದರೆ ಹಿರಿದು, ಖುರ್ದ್ ಎಂದರೆ ಕಿರಿದು. ಅಫಜಲಪುರ ತಾಲೂಕಿನ ಗೊಬ್ಬೂರಿನ ಹೆಸರಿಗೆ ಅಂಟಿಕೊಂಡಿರುವ 'ಬಿ' ಕೂಡ ಇದೇ ವಂಶದ್ದು.

ಆದರೆ ಕನ್ನಡದಲ್ಲಿ 'ರೋಜಾ' ಎಂದು ಬರೆದರೆ ಅದು ಈ ಬಡಾವಣೆಯೊಂದೇ ಅಲ್ಲ. ರಂಜಾನ್ ತಿಂಗಳಿನಲ್ಲಿ ಮುಸಲ್ಮಾನ ಬಾಂಧವರು ಹಿಡಿಯುವ ಉಪವಾಸವೂ ರೋಜಾ. ದಿನವೆಂಬರ್ಥದ ಪಾರಸಿಯ 'ರೋಜ಼್' ಅದರ ಮೂಲ. ತೋಟದಲ್ಲಿ ಅರಳುವ ಹೂವೂ ರೋಜಾ. ಅದು ಪೋರ್ಚುಗೀಜರ 'ರೋಸ'ದಿಂದ ಬಂದಿತೆನ್ನುತ್ತಾರೆ. ಅವರೂ ಇಂಗ್ಲಿಷರಂತೆ ಎಸ್ ಬರೆದು ಝಡ್ ನುಡಿಯುವವರೇ. ಒಂದು ಅರಬ್ಬಸ್ತಾನದಿಂದ, ಒಂದು ಇರಾನಿನಿಂದ, ಒಂದು ಕಡಲಾಚೆಯ ಲಿಸ್ಬನ್ನಿನಿಂದ ಹೊರಟ ಮೂರು ಪದಗಳು ಕನ್ನಡದ ಒಂದೇ ಜಕಾರದ ಕೆಳಗೆ ಬಂದು ಕೂಡಿವೆ. ಸಂದರ್ಭವು ಅರ್ಥವನ್ನು ತಿಳಿಸುತ್ತದೆ, ನಿಜ. ಬಂದ ದಾರಿಯನ್ನು ತಿಳಿಸುವುದಿಲ್ಲ.

ಉರ್ದುವಿನಲ್ಲಿ ಈ ಒಂದು ಧ್ವನಿಗೆ ನಾಲ್ಕು ಅಕ್ಷರಗಳಿವೆ: ಜ಼ೇ, ಜ಼ಾಲ್, ಜ಼್ವಾದ್, ಜ಼ೋಯ್. ಅರಬ್ಬಿಯಲ್ಲಿ ಅವು ನಾಲ್ಕು ಬೇರೆ ಬೇರೆ ಧ್ವನಿಗಳು. ಪಾರಸಿಯ ನಾಲಗೆ ಅವನ್ನೆಲ್ಲ ಒಂದಾಗಿಸಿತು, ಆದರೆ ಬರೆಹದಲ್ಲಿ ಮೂಲದ ಮರ್ಯಾದೆಯನ್ನು ಕಾಯ್ದುಕೊಂಡಿತು. ಈ ನಾಲ್ಕೂ ಕಲಬುರಗಿಯ ಚರಿತ್ರೆಯಲ್ಲಿಯೇ ದೊರೆಯುತ್ತವೆ. ಬಂದೇನವಾಜ್, ಫಿರೋಜ್ ಎಂಬ ಹೆಸರುಗಳಲ್ಲಿ ಇರುವುದು ಜ಼ೇ. ದರ್ಗಾದ ಉರುಸು ನಡೆಯುವ ಜಿಲ್ಕಾದ್ ತಿಂಗಳಿನ ಹೆಸರಿನಲ್ಲಿ ಜ಼ಾಲ್. ರೋಜಾ ಎಂಬ ಸ್ಥಳನಾಮದಲ್ಲಿ ಜ಼್ವಾದ್. 1948ರವರೆಗೆ ಈ ನಾಡನ್ನಾಳಿದ ನಿಜಾಮರ ಬಿರುದಿನಲ್ಲಿ ಜ಼ೋಯ್. ಇವುಗಳಲ್ಲಿ ಜ಼್ವಾದ್ ಎಂಬುದು ಅರಬ್ಬರಿಗೆ ಹೆಮ್ಮೆಯ ಅಕ್ಷರ; ತಮ್ಮ ಭಾಷೆಯನ್ನು ಅವರು ಆ ಅಕ್ಷರದ ಭಾಷೆಯೆಂದೇ ಕರೆದುಕೊಳ್ಳುತ್ತಾರೆ. ಅವರ ಬಾಯಲ್ಲಿ ಅದು ದಕಾರದ ಒಂದು ಗಡುಸಾದ ಭೇದ. ಅರಬ್ಬರ ರಮದಾನ್ ನಮ್ಮಲ್ಲಿ ರಮಜಾನ್ ಆದದ್ದು, ರೌದವು ರೋಜಾ ಆದದ್ದು ಇದೇ ಕಾರಣದಿಂದ.

ನಿಜಾಮರ ಕಾಲದಲ್ಲಿ ಉರ್ದು ಇಲ್ಲಿಯ ಕಚೇರಿಯ ಭಾಷೆ. ಅದಕ್ಕೂ ಮುಂಚೆ ಶತಮಾನಗಳ ಕಾಲ ಪಾರಸಿ. ಆ ಪದಗಳು ಕನ್ನಡಕ್ಕೆ ಎಷ್ಟು ಒಗ್ಗಿವೆಯೆಂದರೆ ಅವು ಹೊರಗಿನವೆಂಬ ನೆನಪೇ ನಮಗಿಲ್ಲ. ಜಮೀನು, ಜೋರು, ಬಜಾರು, ತಾಜಾ, ಖಜಾನೆ, ಅಂದಾಜು, ದರ್ಜಿ, ನಜರು, ಅರ್ಜಿ, ಜಾಮೀನು, ಜಪ್ತಿ, ಇವೆಲ್ಲ ಮೂಲದಲ್ಲಿ ಝಡ್ ಧ್ವನಿಯವು. ನಾವು ಬರೆಯುವ 'ಕಾಗದ'ಕ್ಕೂ ಪಾರಸಿಯಲ್ಲಿ ಜ಼ಾಲ್ ಅಕ್ಷರದ 'ಕಾಗಜ಼್' ಎಂಬ ರೂಪವಿದೆ. ಶಾಲೆಯ ಮಕ್ಕಳ ಬದುಕನ್ನು ಆಳುವ ಎರಡು ಪದಗಳೆಂದರೆ ಹಾಜರಿ ಮತ್ತು ರಜೆ. ಎರಡರಲ್ಲಿಯೂ ರೋಜಾದಲ್ಲಿರುವ ಅದೇ ಜ಼್ವಾದ್ ಅಡಗಿದೆ. ಪಕ್ಕೆಲುಬು, ಪಾರ್ಶ್ವ ಎಂಬರ್ಥದ ಅರಬ್ಬಿ ಪದವೊಂದು ನಾಡಿನ ಒಂದು ಭಾಗವೆಂಬ ಅರ್ಥ ಪಡೆದು 'ಜಿಲ್ಲೆ'ಯಾಯಿತು. ಕನ್ನಡದಲ್ಲಿ 'ಜಿ.ಪಂ.' ಎಂದು ಬರೆಯುವ ಸಂಸ್ಥೆಯನ್ನು ಜನ ಬಾಯಲ್ಲಿ 'ಝಡ್‌ಪಿ' ಎನ್ನುವುದು ಕೌತುಕದ ಸಂಗತಿ. ಅರಬ್ಬಿಯ ಜ಼್ವಾದ್ ಪಾರಸಿ ಉರ್ದುಗಳ ಮೂಲಕ ಹಾದು ರೋಮನ್ನಿನ ಕಡೆಯ ಅಕ್ಷರದ ವೇಷದಲ್ಲಿ ಕನ್ನಡಿಗನ ನಾಲಗೆಗೆ ಬಂದಿದೆ!

ಕನ್ನಡ ಲಿಪಿ ಈ ಧ್ವನಿಗೆ ಮೂರು ದಾರಿಗಳನ್ನು ಹಿಡಿದಿದೆ. ಮೊದಲನೆಯದು ನೇರವಾಗಿ ಜ ಎಂದು ಬರೆಯುವುದು. ಎರಡನೆಯದು ಝ ಎಂದು ಬರೆಯುವುದು: ಝಡ್, ಝೂ ಎಂಬಂತೆ. ಝಕಾರ ನಮ್ಮದು ಮಹಾಪ್ರಾಣ. ಝರಿ, ಝೇಂಕಾರಗಳಲ್ಲಿ ಅದಕ್ಕೆ ಅದರದೇ ಆದ ಕೆಲಸವಿದೆ. ಅದರ ಮೇಲೆ ಈ ಹೊಸ ಹೊರೆಯನ್ನು ಹೇರಿದರೆ ಓದುಗನಿಗೆ ಯಾವುದು ಯಾವುದೆಂಬ ಸಂದೇಹ ತಪ್ಪಿದ್ದಲ್ಲ. ಮೂರನೆಯದು ಜಕಾರದ ಕೆಳಗೆ ಚುಕ್ಕಿಯಿಡುವುದು. ಹಿಂದಿಯಲ್ಲಿ ಇದು ಹಳೆಯ ರೂಢಿ. ಚುಕ್ಕಿಯೆಂಬರ್ಥದ 'ನುಕ್ತ' ಎಂಬುದೇ ಅದರ ಹೆಸರು. ಗಣಕಯಂತ್ರಗಳ ಲೋಕಲಿಪಿಯಾದ ಯೂನಿಕೋಡಿನಲ್ಲಿ 2003ರ ನಾಲ್ಕನೆಯ ಆವೃತ್ತಿಯಿಂದ ಕನ್ನಡಕ್ಕೂ ಈ ಚಿಹ್ನೆ ದೊರೆತಿದೆ. ಸಾಧನ ಉಂಟು, ಬಳಕೆ ವಿರಳ.

ಇಷ್ಟು ಸಣ್ಣ ಚುಕ್ಕಿಗಾಗಿ ಇಷ್ಟು ದೊಡ್ಡ ಮಾತೇ ಎಂದು ವಾಚಕರು ಕೇಳಬಹುದು. ಚುಕ್ಕಿಯ ಬೆಲೆಯನ್ನು ಉರ್ದು ಬಲ್ಲವರು ಚೆನ್ನಾಗಿ ಅರಿತಿದ್ದಾರೆ. ಅವರ ಲಿಪಿಯಲ್ಲಿ ಚುಕ್ಕಿ ಮೇಲಿದ್ದರೆ ಖುದಾ, ಕೆಳಗಿಳಿದರೆ ಜುದಾ. ಒಂದು ದೇವರು, ಇನ್ನೊಂದು ಅಗಲಿಕೆ. ನಮ್ಮ ಕಡೆಗೇ ನೋಡಿ: 'ಜರಾ' ಎಂದರೆ ಸಂಸ್ಕೃತದಲ್ಲಿ ಮುಪ್ಪು, ಕಲಬುರಗಿಯ ಸಂತೆಯಲ್ಲಿ 'ಜರಾ ನಿಲ್ರಿ' ಎಂದರೆ ತುಸು ನಿಲ್ಲಿರೆಂದು. ಇದು ನಗೆಯ ಮಾತಾಯಿತು. ನಗೆಯಲ್ಲದ ಮಾತೂ ಇದೆ. 'ಜಲೀಲ್' ಎಂಬ ಹೆಸರಿಗೆ ಮಹಿಮಾವಂತನೆಂದು ಅರ್ಥ. ಅದರಲ್ಲಿರುವುದು ಶುದ್ಧ ಜಕಾರ. 'ಜ಼ಲೀಲ್' ಎಂದರೆ ಹೀನ, ಅಪಮಾನಿತ. ತಂದೆತಾಯಿಗಳು ಹರಸಿ ಇಟ್ಟ ಹೆಸರಿಗೂ ಬೈಗುಳಿಗೂ ನಡುವೆ ಇರುವ ಅಂತರ ನಾಲಗೆಯ ಒಂದು ಎಳೆ. ಅಂದಮೇಲೆ, ಜಕಾರಗಳನ್ನೆಲ್ಲ ಝಡ್ ಮಾಡಿ ಸೊಗಸುಗಾರಿಕೆ ತೋರಿಸುವುದೂ ಎಲ್ಲವನ್ನೂ ಜಕಾರದಲ್ಲಿ ಮುಳುಗಿಸುವುದೂ ಒಂದೇ ಬಗೆಯ ಅವಿವೇಕ.

ಹೆಸರಿನ ಪ್ರಶ್ನೆ ಇಂದು ಕೇವಲ ಮರ್ಯಾದೆಯದಾಗಿಯೂ ಉಳಿದಿಲ್ಲ. ರೋಜಾದಂತಹ ಬಡಾವಣೆಯಲ್ಲಿ ಒಂದು ಮಗುವಿನ ಹೆಸರು ಮನೆಯಲ್ಲಿ ಉರ್ದುವಿನಲ್ಲಿ, ಶಾಲೆಯಲ್ಲಿ ಕನ್ನಡದಲ್ಲಿ, ಗುರುತಿನ ಚೀಟಿಯಲ್ಲಿ ರೋಮನ್ ಲಿಪಿಯಲ್ಲಿ ಬರೆಯಲ್ಪಡುತ್ತದೆ. 'ನಾಜಿಮಾ' ಎಂದು ಕನ್ನಡದಲ್ಲಿ ಬರೆದುದನ್ನು ರೋಮನ್ನಿಗೆ ತಿರುಗಿಸುವ ಗುಮಾಸ್ತನಿಗೆ ಜೆ ಹಾಕಬೇಕೋ ಝಡ್ ಹಾಕಬೇಕೋ ತಿಳಿಯುವ ಬಗೆಯಿಲ್ಲ. ಯಂತ್ರಕ್ಕಂತೂ ಮೊದಲೇ ಇಲ್ಲ. ಒಂದು ಕಡೆ ಜೆ, ಇನ್ನೊಂದು ಕಡೆ ಝಡ್ ಬಿದ್ದರೆ ಆ ಹುಡುಗಿ ದಾಖಲೆಗಳ ಲೋಕದಲ್ಲಿ ಇಬ್ಬರಾಗುತ್ತಾಳೆ. ಆಮೇಲೆ ತಾನು ಒಬ್ಬಳೇ ಎಂದು ರುಜುವಾತು ಮಾಡುವ ಹೊಣೆ ಅವಳದೇ.

ಒಂದು ಅಕ್ಷರ ಹೋದರೆ ಏನು ಹೋಗುತ್ತದೆ ಎಂಬುದಕ್ಕೆ ಕನ್ನಡದ ಸ್ವಂತ ಚರಿತ್ರೆಯಲ್ಲಿಯೇ ನಿದರ್ಶನವಿದೆ. ಇದೇ ಜಿಲ್ಲೆಯ ಮಳಖೇಡದಿಂದ ರಾಷ್ಟ್ರಕೂಟರು ಆಳುತ್ತಿದ್ದಾಗ, 'ಕವಿರಾಜಮಾರ್ಗ' ರಚಿತವಾದ ಒಂಬತ್ತನೆಯ ಶತಮಾನದಲ್ಲಿ, ಕನ್ನಡಕ್ಕೆ ಳಕಾರವಲ್ಲದೆ ೞ ಎಂಬ ಮತ್ತೊಂದು ಅಕ್ಷರವಿತ್ತು. 'ಬಾೞ್' ಎಂದರೆ ಬದುಕು, 'ಬಾಳ್' ಎಂದರೆ ಕತ್ತಿ. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞಕಾರದ ಪದಗಳನ್ನು ಪಟ್ಟಿಮಾಡಿಕೊಡಬೇಕಾಯಿತು. ಕಿವಿ ಆಗಲೇ ಭೇದವನ್ನು ಮರೆಯತೊಡಗಿತ್ತು. ಇಂದು ನಮಗೆ ಬದುಕೂ ಬಾಳು, ಹಳೆಯ ಕಾವ್ಯದ ಕತ್ತಿಯೂ ಬಾಳು. ತಮಿಳು, ಮಲಯಾಳಗಳು ಆ ಧ್ವನಿಯನ್ನು ಉಳಿಸಿಕೊಂಡಿವೆ. ಅದನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ, ಕೋೞಿಕ್ಕೋಡಿನಂತಹ ಹೆಸರುಗಳಲ್ಲಿ, ನೆರವಿಗೆ ಬರುವುದು ಯಾರು? ಅದೇ ಝಡ್, ಜೊತೆಗೊಂದು ಎಚ್. ಇನ್ನೊಂದು ವಿಪರ್ಯಾಸವನ್ನೂ ಹೇಳಬೇಕು. ಯೂನಿಕೋಡಿನಲ್ಲಿ ೞಕಾರವನ್ನು ಸೇರಿಸಿದವರು ಅದನ್ನು ಗುರುತಿಸಲಾರದೆ 'ಫ' ಎಂಬ ತಪ್ಪು ಹೆಸರಿನಿಂದ ದಾಖಲಿಸಿದರು. ಒಮ್ಮೆ ದಾಖಲಾದ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಆದ್ದರಿಂದ ತಪ್ಪು ಹಾಗೆಯೇ ಉಳಿದು, ಸರಿಯಾದ ಹೆಸರು ಪಕ್ಕದ ಟಿಪ್ಪಣಿಯಾಗಿ ನಿಂತಿದೆ. ಕಚೇರಿಯ ಪುಸ್ತಕದಲ್ಲಿ ಹೆಸರು ಕೆಟ್ಟ ಮಗುವಿನ ಪಾಡು ನಮ್ಮ ಪ್ರಾಚೀನ ಅಕ್ಷರಕ್ಕೂ ತಪ್ಪಲಿಲ್ಲ!

ಹಾಗಾದರೆ ಜಮೀನಿಗೂ ಅರ್ಜಿಗೂ ಇನ್ನು ಮೇಲೆ ಚುಕ್ಕಿಯಿಡಬೇಕೆ? ಬೇಡ. ಕನ್ನಡ ವ್ಯಾಕರಣ ನಮಗೆ ತತ್ಸಮ, ತದ್ಭವ ಎಂಬ ವಿವೇಕವನ್ನು ಹಿಂದೆಯೇ ಕಲಿಸಿದೆ. ಯೌವನ ಜವ್ವನವಾಯಿತು, ಯಂತ್ರ ಜಂತ್ರವಾಯಿತು, ಯಜ್ಞ ಜನ್ನವಾಯಿತು. ಹೀಗೆ ನಮ್ಮ ನಾಲಗೆಗೆ ಒಗ್ಗಿಸಿಕೊಂಡದ್ದು ಭಾಷೆಯ ಹಕ್ಕು, ಅದರ ಆರೋಗ್ಯದ ಲಕ್ಷಣ. ಆದರೆ ಯಜ್ಞನಾರಾಯಣನೆಂಬ ಮನುಷ್ಯನನ್ನು ಯಾರೂ ಜನ್ನನಾರಾಯಣನೆಂದು ಹಾಜರಿಪುಸ್ತಕದಲ್ಲಿ ಬರೆಯುವುದಿಲ್ಲ. ಪದಗಳು ತದ್ಭವವಾಗಬಹುದು, ವ್ಯಕ್ತಿಯ ಹೆಸರು ತತ್ಸಮವಾಗಿಯೇ ಉಳಿಯಬೇಕು. ಜಮೀನು, ಜಿಲ್ಲೆ, ಅರ್ಜಿಗಳು ಕನ್ನಡದ ಮನೆಯ ಮಕ್ಕಳು, ಅವಕ್ಕೆ ಚುಕ್ಕಿ ಬೇಕಿಲ್ಲ. ರೋಜಾ ಎಂಬ ಸ್ಥಳನಾಮವೂ ಊರಿನ ಬಾಯಲ್ಲಿ ಪಳಗಿದ ಪದ. ಅದನ್ನು ಇದ್ದಂತೆಯೇ ಬಿಡಬಹುದು. ಜ಼ಾಕಿರ್, ಅಜ಼ೀಜ಼್, ನಾಜ಼ಿಮಾ ಎಂಬ ಹೆಸರುಗಳನ್ನು ಮಾತ್ರ, ಹೆಸರಿನವರು ಬಯಸಿದಲ್ಲಿ, ಚುಕ್ಕಿಯೊಡನೆ ಬರೆಯುವುದು ಸೌಜನ್ಯ.

ಇದರಿಂದ ಸಮಸ್ಯೆಯೆಲ್ಲ ತೀರುವುದೆಂದಲ್ಲ. ಉರ್ದುವಿನ ನಾಲ್ಕು ಅಕ್ಷರಗಳ ಭೇದವನ್ನು ರೋಮನ್ನಿನ ಝಡ್ ಕೂಡ ತೋರಿಸಲಾರದು. ಸರಿಸಮಾನವೆಂಬರ್ಥದ ನಜ಼ೀರ್ ಮತ್ತು ಎಚ್ಚರಿಸುವವನೆಂಬರ್ಥದ ನಜ಼ೀರ್ ಅದರಲ್ಲಿಯೂ ಒಂದೇ ಆಗಿಬಿಡುತ್ತಾರೆ. ಎಲ್ಲವನ್ನೂ ಹಿಡಿದಿಡುವ ಲಿಪಿ ಲೋಕದಲ್ಲಿಲ್ಲ. ಇಲ್ಲವೆಂದ ಮಾತ್ರಕ್ಕೆ ಹಿಡಿಯಬಹುದಾದಷ್ಟನ್ನೂ ಬಿಡಬೇಕೆಂದಿಲ್ಲ. ಲೋಕವನ್ನು ಗೆದ್ದ ರೋಮ್ ಪರರ ಪದಗಳಿಗಾಗಿ ತಾನು ಹೊರಗಟ್ಟಿದ ಅಕ್ಷರವನ್ನು ಮತ್ತೆ ಕರೆಸಿಕೊಂಡಿತು. ನಾವು ಕರೆಸಿಕೊಳ್ಳಬೇಕಾದದ್ದು ಪರರಿಗಾಗಿ ಕೂಡ ಅಲ್ಲ. ಆರು ಶತಮಾನಗಳಿಂದ ನಮ್ಮ ನೆರೆಯಲ್ಲಿ ಬಾ‍ಳುತ್ತಿರುವ, ನಮ್ಮ ಶಾಲೆಗಳಲ್ಲಿ ನಮ್ಮ ಮಕ್ಕಳ ಪಕ್ಕದಲ್ಲಿಯೇ ಕುಳಿತು ಕನ್ನಡ ಕಲಿಯುತ್ತಿರುವ ಮಕ್ಕಳ ಹೆಸರುಗಳಿಗಾಗಿ. ಹಾಜರಿ ಕೂಗುವ ಉಪಾಧ್ಯಾಯರು ಒಂದು ಸಲ ನಿಂತು 'ನಿನ್ನ ಹೆಸರನ್ನು ಮನೆಯಲ್ಲಿ ಹೇಗೆ ಕರೆಯುತ್ತಾರಪ್ಪ?' ಎಂದು ಕೇಳಿ, ಹಾಗೆಯೇ ಬರೆದುಕೊಂಡರೆ ಸಾಕು. ಅದಕ್ಕೆ ತಗಲುವ ಖರ್ಚು ಒಂದು ಚುಕ್ಕಿ.